ಎಡಗಣ್ಣಿನ ಹೊಲಿಗೆ

"ಕೊಯ್ದು ದಾರಿ ಮಾಡೋದೇ ಸರಿ," ಎಂದು ಹಿರಿಯ ಡಾಕ್ಟರು ಮೂರನೇ ಸಲ ಹೇಳಿದಾಗ ದರ್ಜಿಗೆ ಮೈಯೆಲ್ಲ ಉರಿಯಿತು. ಐದು ವರ್ಷದ ಹಿಂದೆ ಹೀಗೇ ಒಳಗಿನ ನೀರು ಹೊರಹೋಗಲು ದಾರಿ ಮಾಡುತ್ತೇನೆಂದು ಅವನ ಎಡಗಣ್ಣಿಗೆ ಕೈ ಹಾಕಿದ್ದು ಇದೇ ಮಹಾರಾಯ. ಹೊಲಿಗೆ ಸಡಿಲವಾಗಿ ಕಣ್ಣೊಳಗಿನ ನೀರು ಮಿತಿಮೀರಿ ಸೋರಿತು, ನೋಟವೂ ಅದರ ಜೊತೆಗೇ ಹೋಯಿತು. ಈಗ ಕಣ್ಣೊಳಗೆ ನೀರು ಕಟ್ಟಿ ಒತ್ತಡ ಏರಿಸುವ ಆ ಗ್ಲಾಕೋಮಾ ಬಲಗಣ್ಣನ್ನೂ ಹಿಡಿದಿತ್ತು. ಅದೂ ಹೋದರೆ ಅಂಗಡಿ ಮುಚ್ಚಬೇಕು, ಬಚ್ಚಲಿಗೂ ಹೆಂಡತಿಯ ಕೈ ಹಿಡಿದು ಹೋಗಬೇಕು.

ಹಿರಿಯರ ಹಳೆಯ ಶಿಷ್ಯನಾದ ಕಿರಿಯ ಡಾಕ್ಟರ್ ಗೋಡೆಗೊರಗಿ ಮೂಗಿನಲ್ಲೇ ನಕ್ಕ. ಕೊಯ್ದ ದಾರಿ ಗಾಯದ ಹಾಗೆ ಮಾಯ್ದು ಮುಚ್ಚಿಕೊಳ್ಳುತ್ತದೆ, ಇಲ್ಲವೇ ಸೋರುತ್ತದೆ. ಸಣ್ಣ ಕೊಳವೆ ಕೂರಿಸಿದರೆ ಆ ರಗಳೆಯೇ ಕಡಿಮೆ ಎಂದ. ಕೊಳವೆ ಜರುಗಿ ಕಣ್ಣು ಕೆಟ್ಟವರನ್ನು ತಾನು ಕಂಡಿದ್ದೇನೆ, ಒತ್ತಡ ಚೆನ್ನಾಗಿ ಇಳಿಯಬೇಕಾದರೆ ಕೊಯ್ಯುವುದೇ ಮೇಲು ಎಂದು ಹಿರಿಯರು ರೇಗಿದರು. ಇಬ್ಬರೂ ದರ್ಜಿಯತ್ತ ತಿರುಗಿಯೂ ನೋಡಲಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರಲ್ಲ, ಇಲ್ಲಿ ಬಡವಾಗುತ್ತಿದ್ದದ್ದು ಅವನ ಕಣ್ಣು.

ಪಕ್ಕದಲ್ಲಿ ಕೂತಿದ್ದ ಹೆಂಡತಿ ತೋಳು ಜಗ್ಗಿದಳು. ಅವನು ಕೊಡವಿಕೊಂಡ.

"ನನ್ನಂಗಡೀಲಿ ಹೊಲಿಗೆ ಬಿಚ್ಚಿದ್ರೆ, ಹೊಲಿದಿದ್ದು ಯಾರು ಅಂತ ಗಿರಾಕಿ ಎದುರಿಗೇ ಕೇಳ್ತೀನಿ. ಈ ಎಡಗಣ್ಣು ಹೊಲಿದಿದ್ದು ಯಾರು?"

"ಜವಾಬ್ದಾರಿ ನಂದು," ಎಂದರು ಹಿರಿಯರು.

"ನಾನು ಅದನ್ನ ಕೇಳ್ಲಿಲ್ಲ. ಕೈ ಯಾರದು?"

ಹಿರಿಯರು ಕಾಗದ ಮಗುಚುತ್ತ ಕೂತರು. ಕಿರಿಯನೇ ಕೊನೆಗೆ ಬಾಯಿಬಿಟ್ಟ: "ಕೊಯ್ದಿದ್ದು ಸರ್ ಅವರು. ಹೊಲಿಗೆ ಹಾಕಿದ್ದು ನಾನು. ಆಗಿನ್ನೂ ಕಲೀತಿದ್ದೆ."

ಅಯ್ಯೋ, ಐದು ವರ್ಷ ಬೆಳಗೆದ್ದು ಶಾಪ ಹಾಕಿದ್ದು ಬೇರೆಯವನ ಕೈಗೆ! ಹಾಗಂತ ದರ್ಜಿಯ ಸಿಟ್ಟೇನೂ ಇಳಿಯಲಿಲ್ಲ, ಇಬ್ಬರಿಗೂ ಹಂಚಿಹೋಯಿತು. ಒಬ್ಬ ಕೆಡಿಸಿದ, ಇನ್ನೊಬ್ಬ ಬಚ್ಚಿಟ್ಟ. ಬೈದು ಎದ್ದುಹೋಗೋಣವೆಂದರೆ ಊರಲ್ಲಿ ಈ ಕೆಲಸ ಬಲ್ಲವರು ಇವರಿಬ್ಬರೇ. ಉಳಿದೊಂದು ಕಣ್ಣನ್ನು ಇವರಲ್ಲೊಬ್ಬರ ಕೈಗೇ ಕೊಡಬೇಕು.

ಅವನು ಎದ್ದು, ಹೇಳದೆ ಕೇಳದೆ ಹಿರಿಯರ ಬಲಗೈ ಹಿಡಿದುಕೊಂಡ. ಹೊಸ ಕೆಲಸಗಾರ ಬಂದಾಗ ಅವನು ಮೊದಲು ನೋಡುವುದೇ ಕೈಯನ್ನು. ಬೆರಳೊಂದೊಂದನ್ನೇ ಅಮುಕಿದ. ಸುಕ್ಕುಗಟ್ಟಿದ ಕೈ, ಆದರೆ ನಡುಗಲಿಲ್ಲ.

"ನಿಮ್ಮದೂ ಕೊಡಿ," ಎಂದು ಕಿರಿಯನತ್ತ ಅಂಗೈ ಚಾಚಿದ.

ಕಿರಿಯ ಡಾಕ್ಟರ್ ಎರಡೂ ಕೈಗಳನ್ನು ಬಿಳಿ ಕೋಟಿನ ಜೇಬಿಗೆ ತುರುಕಿಕೊಂಡ.