ತುರಿಕೆ ಕೈಯ ಕಾಯೊಬ್ಬಟ್ಟು

ನನ್ನ ಅತ್ತೆ ಬಸವಲಿಂಗಮ್ಮನ ಮೇಲೆ ಸೇಡು ತೀರಿಸಿಕೊಂಡೆ. ತಪ್ಪಾಯಿತು ಅಂತ ಯಾರಾದರೂ ನನ್ನ ಬಾಯಲ್ಲಿ ಹೇಳಿಸಲಿ, ನೋಡೋಣ.

ಗುಬ್ಬಿಯ ಆ ಮನೆಯಲ್ಲಿ ನನಗೆ ಮೈಯೆಲ್ಲ ತುರಿಕೆ ಶುರುವಾದಾಗ ಅತ್ತೆ ಮೊದಲು ನನ್ನ ತಟ್ಟೆ, ಲೋಟ ಬೇರೆ ಮಾಡಿದರು. ಆಮೇಲೆ ಅಡುಗೆಮನೆಗೆ ಕಾಲಿಡಬೇಡ ಅಂದರು. ಕೊನೆಗೆ ಪುಟ್ಟ ಮಗಳು ಮಧುಶ್ರೀಯನ್ನು ನನ್ನ ಮಗ್ಗುಲಿಂದ ಎತ್ತಿಕೊಂಡು ಹೋದರು.

"ಕಜ್ಜಿ ಮಗೀಗೂ ಅಂಟ್ಕೊಂಡ್ರೆ? ಕುಣಿಗಲ್‌ಗೋಗಿ ವಾಸಿ ಮಾಡ್ಕೊಂಡ್ ಬಾ ಸುಮನಾ."

ಗಂಡ ಪ್ರಭುದೇವ ತುಟಿ ಪಿಟಕ್ಕೆನ್ನಲಿಲ್ಲ. ನಾನೊಬ್ಬಳೇ ಕುಣಿಗಲ್‌ನ ತವರಿಗೆ ಹೋದೆ.

ತುಮಕೂರಿನ ಡಾಕ್ಟರು ರಕ್ತ, ಸ್ಕ್ಯಾನು ಎಲ್ಲ ನೋಡಿ ಹೇಳಿದ್ದೇ ಬೇರೆ. "ಇದು ಕಜ್ಜಿ ಅಲ್ಲಮ್ಮ, ಲಿವರ್ ಕಾಯಿಲೆ. ಒಳಗಿನ ಪಿತ್ತನಾಳ ಹಾಳಾಗ್ತಿದೆ. ಮೈ ಕಾಯೋಕೆ ಅಂತ ಮಾಸ್ಟ್ ಸೆಲ್ ಅನ್ನೋ ಜೀವಕೋಶಗಳಿರ್ತವೆ. ಇಂಥ ಕಾಯಿಲೇಲಿ ಅವು ಆ ನಾಳದ ಸುತ್ತ ಗುಂಪು ಸೇರಿ ಹಿಸ್ಟಮಿನ್ ಅನ್ನೋ ರಾಸಾಯನಿಕ ಬಿಡ್ತವೆ. ಲಿವರ್ ಗಟ್ಟಿಯಾಗೋದ್ರಲ್ಲಿ ಅವುಗಳ ಕೈವಾಡಾನೂ ಇದೆ. ತುರಿಕೇಲಿ ಅವುಗಳ ಪಾಲು ಎಷ್ಟಿದೆ ಅಂತ ಇನ್ನೂ ಹುಡುಕ್ತಿದಾರೆ. ಮಾತ್ರೆ ಬಿಡ್ಬೇಡಿ. ಒಬ್ಬರಿಂದ ಒಬ್ಬರಿಗೆ ಅಂಟಲ್ಲ."

ಕಾಯಲು ಇದ್ದವೇ ಮನೆ ಹಾಳು ಮಾಡುತ್ತವಂತೆ. ತಕ್ಷಣ ಅತ್ತೆಯ ಮುಖ ನೆನಪಾಯಿತು. ಫೋನ್ ಮಾಡಿ ಎಲ್ಲ ಹೇಳಿದೆ. "ಡಾಕ್ಟ್ರು ಸಾವ್ರ ಹೇಳ್ತಾರೆ ಬುಡು," ಎಂದು ಇಟ್ಟುಬಿಟ್ಟರು. ಮಗಳ ದನಿಯನ್ನೂ ಕೇಳಿಸಲಿಲ್ಲ. ಅವತ್ತೇ ನನ್ನ ಹೊಟ್ಟೆಗೆ ಬೆಂಕಿ ಬಿದ್ದದ್ದು.

ತುಮಕೂರಿನ ಪಕ್ಕದ ಕ್ಯಾತ್ಸಂದ್ರದಲ್ಲಿ ಗೆಳತಿ ಸಂಧ್ಯಾ ಒಬ್ಬಟ್ಟಿನ ಅಂಗಡಿ ಇಟ್ಟಿದ್ದಳು. ಹೊತ್ತು ಹೋಗಲೆಂದು ಅಲ್ಲಿ ಕೆಲಸಕ್ಕೆ ನಿಂತೆ. ಒಂದು ದಿನ ಅವಳು ಫೋನಿಟ್ಟು ನಕ್ಕಳು.

"ನಿಮ್ಮತ್ತೆ ಕಣೇ. ಸೋಮವಾರ ಮನೇಲಿ ಅಯ್ಯನವ್ರ ಪಾದಪೂಜೆಯಂತೆ. ಕಾಯೊಬ್ಬಟ್ಟು ಬೇಕಂತೆ. ಲಿಂಗಪೂಜೆ ಮುಗಿಸಿದ ಕೈಯಲ್ಲೇ ಮಾಡ್ಬೇಕಂತೆ."

"ನಾನೇ ಮಾಡ್ತೀನಿ."

ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಕಣಕ ನಾದಿದೆ. ಹೂರಣ ತುಂಬಿ, ತಟ್ಟಿ, ಬೇಯಿಸಿದೆ. ಒಂದನ್ನೂ ಬೇರೆಯವರ ಕೈಗೆ ಬಿಡಲಿಲ್ಲ.

ಒಬ್ಬಟ್ಟನ್ನು ಸಂಧ್ಯಾ ಮೊದಲೇ ಕಳಿಸಿಕೊಟ್ಟಳು. ಸೋಮವಾರ ನಾನೂ ಗುಬ್ಬಿಗೆ ಹೋಗಿ ಮುಂಬಾಗಿಲಿನಿಂದಲೇ ಒಳಗೆ ನಡೆದೆ. ಪೂಜೆ ಮುಗಿದು ಎಲ್ಲರೂ ಊಟಕ್ಕೆ ಕೂತಿದ್ದರು. ಮಧುಶ್ರೀಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಅತ್ತೆ ತುಪ್ಪದಲ್ಲಿ ಒಬ್ಬಟ್ಟು ಅದ್ದಿ ತಿನ್ನುತ್ತಿದ್ದರು. "ಎಂಥ ಕೈರುಚಿ ನೋಡಿ. ಮಾಡಿದೋಳ್ಗೆ ಕೈ ಮುಗೀಬೇಕು."

"ಮುಗೀರಿ ಅತ್ತೆ. ಮಾಡಿದೋಳು ನಾನೇ. ಅದೇ ಕಜ್ಜಿ ಕೈಯಲ್ಲಿ."

ಊಟದ ಸಾಲಿನವರೆಲ್ಲ ಎಲೆಯಿಂದ ಕೈ ಹಿಂತೆಗೆದರು. ಅಯ್ಯನವರಾದ ಪರಮಶಿವಯ್ಯನವರು ಮಾತ್ರ ಎಲೆಯಿಂದ ತಲೆ ಎತ್ತದೆ, "ನಂಗೇನೂ ಆಗಿಲ್ವಲ್ಲ ತಾಯಿ, ಇನ್ನೊಂದು ಹಾಕು," ಎಂದರು. ಹಾಕಿದೆ. ಅಷ್ಟರಲ್ಲಿ ಅತ್ತೆಯ ಎಡಗೈ ತಾನಾಗಿಯೇ ಕುತ್ತಿಗೆಗೆ ಹೋಯಿತು. ಆಮೇಲೆ ಮೊಣಕೈಗೆ. ಪರಪರ ಕೆರೆಯತೊಡಗಿದರು. ನನ್ನ ಜೀವ ತಣ್ಣಗಾಯಿತು.

"ಅಯ್ಯೋ, ನೀವೂ ಕೆರ್ಕೋತಿದೀರಲ್ಲ ಅತ್ತೆ. ಹಂಗಾದ್ರೆ ಮಗೂನ ನಿಮ್ಮತ್ರ ಬಿಡೋ ಹಂಗಿಲ್ಲ."

ಮಗಳನ್ನು ಅವರ ತೊಡೆಯಿಂದ ಎತ್ತಿಕೊಂಡೆ. ಅವಳು ನನ್ನ ಕೊರಳು ಬಿಗಿಯಾಗಿ ತಬ್ಬಿದಳು. ಪ್ರಭುದೇವ ಎದ್ದು "ಸುಮನಾ" ಎಂದ. ಇಷ್ಟು ದಿನ ಇಲ್ಲದ ದನಿ ಈಗೆಲ್ಲಿಂದ ಬಂತೋ.

ಜಗುಲಿಯ ಮೂಲೆಯಲ್ಲಿ ನನ್ನ ಬೇರೆ ತಟ್ಟೆ, ಲೋಟ ಇನ್ನೂ ಇದ್ದವು. ತಂದು ಅತ್ತೆಯ ಎಲೆಯ ಪಕ್ಕ ಇಟ್ಟು, ಮಗಳೊಂದಿಗೆ ಕುಣಿಗಲ್ ದಾರಿ ಹಿಡಿದೆ.