ಮೂರನೆಯ ಊರಿನ ಮೆಟ್ಟಿಲು

ಇಟಲಿಯ ಸಮುದ್ರದಂಡೆಯಲ್ಲಿ ಬಸ್ಸು ಕೆಳಗೆ ನಿಲ್ಲುತ್ತದೆ, ಊರು ಮೇಲಿರುತ್ತದೆ. ಈ ಸಂಗತಿಯನ್ನು ಬೀಜದ ಕಂಪನಿಯವರು ರಾಣೆಬೆನ್ನೂರಿನಲ್ಲಿ ಬಾಯಿಬಿಟ್ಟಿರಲಿಲ್ಲ. ಹೆಚ್ಚು ಬೀಜ ಮಾರಿದ ಡೀಲರುಗಳಿಗೆ ಪ್ರತಿ ವರ್ಷ ಬ್ಯಾಂಕಾಕ್ ತೋರಿಸುತ್ತಿದ್ದ ಕಂಪನಿ, 2006ರಲ್ಲಿ ದೊಡ್ಡ ಮನಸ್ಸು ಮಾಡಿ ಇಟಲಿ ಎಂದಿತು. ಒಬ್ಬ ಡೀಲರಿಗೆ ಎರಡು ಟಿಕೆಟ್. ಹಲಗೇರಿ ರಸ್ತೆಯಲ್ಲಿ ಬೀಜದ ಅಂಗಡಿ ನಡೆಸುವ ಅನಸೂಯಾಬಾಯಿ ನನ್ನ ಅವ್ವನ ಅಕ್ಕ, ನನಗೆ ಮೌಶಿ. ವಯಸ್ಸು ಅರವತ್ತೆಂಟು, ಎರಡೂ ಮೊಣಕಾಲು ನೋವು. ಹಿಡಿದುಕೊಂಡು ಹೋಗಲು ಒಬ್ಬರು ಬೇಕಲ್ಲ, ಎರಡನೆಯ ಟಿಕೆಟ್ ನನಗೆ ಬಂತು.

ಹಿಡಿದುಕೊಳ್ಳುವುದು ನನಗೆ ಹೊಸದೇನಲ್ಲ. ಬ್ಯಾಂಕಿನ ನೌಕರಿಗೆಂದು ರಾಣೆಬೆನ್ನೂರಿಗೆ ಬಂದು ಮೌಶಿಯ ಮನೆಯಲ್ಲೇ ಉಳಿದವಳು ನಾನು. ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಹದಿನೆಂಟು ಮೆಟ್ಟಿಲು. ನಾಲ್ಕು ವರ್ಷದಿಂದ ಬೆಳಿಗ್ಗೆ ಕೈಹಿಡಿದು ಇಳಿಸುತ್ತಿದ್ದೆ, ಸಂಜೆ ಕೈಹಿಡಿದು ಹತ್ತಿಸುತ್ತಿದ್ದೆ. ಅದಕ್ಕಾಗಿಯೇ ಎರಡು ಸಲ ಪ್ರಮೋಷನ್ ಬೇಡ ಎಂದು ಬರೆದುಕೊಟ್ಟಿದ್ದೆ. ಮೊದಲನೆಯದು ಭೋಪಾಲಕ್ಕೆ, ಎರಡನೆಯದು ನಾಗಪುರಕ್ಕೆ. ನನ್ನ ಕೈಕೆಳಗೆ ಕೆಲಸ ಕಲಿತ ಹುಡುಗಿ ಈಗ ಬೇರೆ ಊರಲ್ಲಿ ಮ್ಯಾನೇಜರು. ನಾನು ಇನ್ನೂ ಕೌಂಟರಿನ ಹಿಂದೆ ಪಾಸ್‌ಬುಕ್ಕಿಗೆ ಠಸ್ಸೆ ಒತ್ತುತ್ತೇನೆ. ಮೌಶಿಯ ಮೇಲೆ ಯಾವತ್ತೂ ಬೇಸರ ಮಾಡಿಕೊಂಡಿರಲಿಲ್ಲ. ಹಾಳು ಮೊಣಕಾಲಿಗೆ ಮಾತ್ರ ಬಯ್ಯುತ್ತಿದ್ದೆ.

ಮೊದಲ ಊರಿನಲ್ಲಿ ಬಸ್ಸಿಳಿದು ತಲೆಯೆತ್ತಿ ನೋಡಿದೆ. ಹಳದಿ, ಗುಲಾಬಿ ಮನೆಗಳು ಒಂದರ ತಲೆಯ ಮೇಲೊಂದು ಕೂತಿದ್ದವು. ಎಲ್ಲಕ್ಕೂ ಮೇಲೆ ಒಂದು ಚರ್ಚು. ಜೊತೆಗಿದ್ದ ಮೂವತ್ತು ಮಂದಿ ಡೀಲರುಗಳು ಟೋಪಿ ಹಾಕಿಕೊಂಡು ಹೊರಟರು. ಮೌಶಿ ಕೆಳಗಿನ ಕಟ್ಟೆಯ ಮೇಲೆ ಕೂತು ಮೊಣಕಾಲು ತಿಕ್ಕತೊಡಗಿದಳು.

"ನೀ ಹೋಗಿ ಬಾ ಮೃಣಾಲಿನಿ. ನನ್ನ ಸಲುವಾಗಿ ನೀ ಯಾಕ ಕೂಡ್ತಿ," ಎಂದಳು.

"ಪರದೇಶದಾಗ ನಿನ್ನ ಒಬ್ಬಾಕಿನ್ನ ಬಿಟ್ಟು ಹೋಗಲೇನು?"

ಅವಳು ಇನ್ನೊಂದು ಸಲ ಹೇಳಲಿಲ್ಲ. ಎರಡನೆಯ ಊರಿನಲ್ಲೂ ಹೀಗೇ ಆಯಿತು. ಡೀಲರುಗಳು ಇಳಿದು ಬಂದು, ಮೇಲಿನಿಂದ ಸಮುದ್ರ ಹೇಗೆ ಕಾಣುತ್ತದೆ ಎಂದು ಬಸ್ಸಿನ ತುಂಬ ವರ್ಣಿಸಿದರು. ನಾನು ಕಿಟಕಿಯ ಕಡೆ ಮುಖ ಮಾಡಿದೆ. ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ.

ಮೂರನೆಯದು ಕೊನೆಯ ಊರು. ಎಲ್ಲರೂ ಹತ್ತಲು ಹೊರಟ ಮೇಲೆ, ಗುಳಿಗೆ ನುಂಗಲು ಬಿಸಿನೀರು ಬೇಕು ಎಂದಳು ಮೌಶಿ. ತಣ್ಣೀರು ಇತ್ತು, ಅವಳಿಗೆ ಬಿಸಿನೀರೇ ಆಗಬೇಕು. ನಾಲ್ಕು ಹೋಟೆಲು ಅಲೆದು, ಕೈಸನ್ನೆಯಲ್ಲಿ ಕುದಿಯುವ ನೀರು ಎಂದರೇನೆಂದು ಆಡಿ ತೋರಿಸಿ, ಒಂದು ಲೋಟ ಹಿಡಿದುಕೊಂಡು ಬಂದೆ. ಅರ್ಧ ಗಂಟೆ ಹಿಡಿದಿರಬೇಕು. ಕಟ್ಟೆಯ ಮೇಲೆ ಮೌಶಿ ಇರಲಿಲ್ಲ.

ಪಕ್ಕದಲ್ಲೇ ಸಮುದ್ರ. ಬಸ್ಸಿನಲ್ಲಿ ನೋಡಿದೆ, ಅಂಗಡಿಗಳಲ್ಲಿ ನೋಡಿದೆ. ಕೊನೆಗೆ ಡೀಲರುಗಳನ್ನಾದರೂ ಕರೆದು ಹುಡುಕಿಸೋಣವೆಂದು ಮೆಟ್ಟಿಲು ಹತ್ತಿದೆ. ಓಡುತ್ತಲೇ ಹತ್ತಿದೆ. ಚರ್ಚಿನ ಮುಂದಿನ ಗೋಡೆಗೆ ಒರಗಿ, ಸೆರಗು ಗಾಳಿಗೆ ಬಿಟ್ಟು, ಮೌಶಿ ಸಮುದ್ರ ನೋಡುತ್ತಿದ್ದಳು.

ಬ್ಯಾಡಗಿಯ ಡೀಲರು ತಿರಕಪ್ಪ ನನ್ನನ್ನು ಕಂಡು ನಕ್ಕ. "ಅನಸೂಯಾಬಾಯಾರು ಏನ್ ಹತ್ತಿದ್ರು ಅಂತೀರಿ! ನಾ ಎಲ್ಡು ಕಡೆ ಕುಂತು ದಮ್ಮು ತಗೊಂಡೆ, ಅವ್ರು ಒಂದ್ ಕಡೇನೂ ಕುಂದರಲಿಲ್ಲ."

"ಅವರಿಗೆ ಮೊಣಕಾಲು ನೋವು ಅದರಿ," ಎಂದೆ.

"ಹೋದ ತಿಂಗಳು ನಮ್ಮ ಗೋದಾಮಿಗೆ ಬಂದಾಗ ಮಾಳಿಗಿ ಹತ್ತಿ ಬೀಜದ ಚೀಲ ನೋಡಿ ಬಂದ್ರಲ್ರಿ," ಎಂದ ತಿರಕಪ್ಪ. ಪಾಪ, ಅವನಿಗೇನು ಗೊತ್ತು. ಫೋಟೋ ತೆಗೆಸಿಕೊಳ್ಳಲು ಆಚೆ ಹೋದ.

ಮೌಶಿ ತಿರುಗಿದಳು. ನನ್ನ ಕೈಯಲ್ಲಿನ್ನೂ ಆ ಲೋಟವಿತ್ತು.

"ಮೊಣಕಾಲು ನೆಟ್ಟಗಾಗಿ ಎಷ್ಟು ದಿನ ಆತು?" ಎಂದು ಕೇಳಿದೆ.

"ಎರಡು ವರ್ಷ ಆಗಿರಬೇಕು. ಡಾಕ್ಟರ್ ಹೇಳಿದ ವ್ಯಾಯಾಮ ನೀ ಬ್ಯಾಂಕಿಗೆ ಹೋದಮ್ಯಾಲ ಮಾಡ್ತಿದ್ದೆ. ಬರಬರತ ನೋವು ಹೋತು."

"ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಹೋಗ್ತಿದ್ದಿ."

"ನಾಗಪುರದ ಪತ್ರ ಹೋದ ವರ್ಷ ಬಂತು, ಮೌಶಿ."

"ಗೊತ್ತದ," ಎಂದಳು.

ಅವಳ ಮನೆಯ ಟೇಬಲ್ಲಿನ ಮೇಲೆಯೇ ಕೂತು ಆ ಪತ್ರಕ್ಕೆ ಉತ್ತರ ಬರೆದಿದ್ದೆ. ನಾನು ಸಹಿ ಹಾಕುವಾಗ ಅವಳು ಗೋಡೆ ಹಿಡಿದುಕೊಂಡು ಅಡಿಗೆಮನೆಗೆ ಹೋಗಿ, ಗೋಡಂಬಿ ಹಾಕಿ ಶಿರಾ ಮಾಡಿ ತಂದಳು. ನೋಯುವ ಕಾಲಿನಲ್ಲಿ ನಿಂತು ನನಗಾಗಿ ಮಾಡಿದಳಲ್ಲ ಎಂದು ಕಣ್ಣಲ್ಲಿ ನೀರು ಬಂದಿತ್ತು. ಎರಡು ಸಲ ಹಾಕಿಸಿಕೊಂಡು ತಿಂದಿದ್ದೆ.

"ಮತ್ತ ಇವತ್ತ್ಯಾಕ ಹತ್ತಿದಿ?"

"ಇನ್ನೊಮ್ಮೆ ಇಲ್ಲಿಗೆ ನಾ ಬರ್ತೇನೇನು? ನೋಡಬೇಕು ಅನಿಸ್ತು. ನೀ ನೀರು ತರೂದ್ರಾಗ ಇಳದು ಕೂಡಬೇಕಂತಿದ್ದೆ."

ನಾನೂ ಇನ್ನೊಮ್ಮೆ ಇಲ್ಲಿಗೆ ಬರುವವಳಲ್ಲ. ಎರಡು ಊರಿನ ಕಟ್ಟೆಯ ಮೇಲೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಾಗ ಈ ಮಾತು ಅವಳಿಗೆ ಹೊಳೆದಿರಲಿಲ್ಲ. ಚೀರಿ ಜಗಳ ಮಾಡಬೇಕೆನಿಸಿತು. ಸುತ್ತ ನಮ್ಮವರೇ ಇದ್ದರು. ಸಮುದ್ರದ ಕಡೆ ನೋಡದೆ ತಿರುಗಿದೆ.

ಮೆಟ್ಟಿಲ ತುದಿಯಲ್ಲಿ ಮೌಶಿ ಕೈ ಚಾಚಿದಳು. "ಹತ್ತೂದು ಬ್ಯಾರೆ, ಇಳಿಯೂದು ಬ್ಯಾರೆ. ಇಳಿಯಲಿಕ್ಕೆ ಖರೇನ ಆಗೂದಿಲ್ಲ ಮೃಣಾಲಿನಿ. ಹಿಡಿ."

ಹಿಡಿದೆ. ನಾಲ್ಕು ವರ್ಷದ ರೂಢಿ, ನನ್ನನ್ನು ಕೇಳದೆಯೇ ಕೈ ಮುಂದೆ ಹೋಯಿತು. ಹತ್ತಾರು ಮೆಟ್ಟಿಲು ಇಳಿದಿರಬೇಕು. ನನ್ನ ಕೈಯ ಮೇಲೆ ಅವಳ ಭಾರವೇ ಇರಲಿಲ್ಲ. ಮನೆಯಲ್ಲೂ ಹೀಗೇ ಇತ್ತು. ಒಂದೆರಡು ವರ್ಷದಿಂದ ಅವಳ ಕೈ ಹಗುರಾಯಿತೆಂದು ನನಗೆ ಅನಿಸಿತ್ತು. ಮೌಶಿ ಸೊರಗುತ್ತಿದ್ದಾಳೆ, ಇನ್ನು ಬಹಳ ದಿನ ಇರಲಿಕ್ಕಿಲ್ಲ ಎಂದು ಹೆದರಿ, ದಿನಾ ಹಾಲಿಗೆ ಬಾದಾಮಿ ಅರೆದು ಕುಡಿಸುತ್ತಿದ್ದೆ. ಅವಳು ಸುಮ್ಮನೆ ಕುಡಿಯುತ್ತಿದ್ದಳು.

ಕೈ ಬಿಡಿಸಿಕೊಂಡು ಮುಂದೆ ಇಳಿದೆ. ಹಿಂದಿನಿಂದ ಅವಳ ಚಪ್ಪಲಿಯ ಸಪ್ಪಳ ಒಂದೇ ಸಮನೆ ಕೇಳುತ್ತ ಬಂತು. ಕೆಳಗಿನ ತನಕ ಅದು ಎಲ್ಲಿಯೂ ತಡವರಿಸಲಿಲ್ಲ.