ಒಂದೇ ವ್ಯಾನಿನ ಚಳಿಗಾಲ

ಮಾರ್ನಿ ಹಾಲ್ವರ್ಸನ್ ಸಭೆಯಲ್ಲಿ ಎದ್ದು ನಿಂತರೆ ಹೋಲ್ಬಿ ಊರಿನವರು ಕಾಫಿ ಕೆಳಗಿಟ್ಟು ಕೇಳುತ್ತಿದ್ದರು. ಹಾರ್ಡ್‌ವೇರ್ ಅಂಗಡಿಯ ಗಲ್ಲಾದಲ್ಲಿ ಕೂರುವ ಹೆಂಗಸು. ಮಗ ಆರ್ಲೋ ಹುಟ್ಟಿದ ಮೇಲೇ ಇವಳು ಮಾತು ಕಲಿತಿದ್ದು ಎಂದು ಗಂಡ ಡೇಲ್ ತಮಾಷೆ ಮಾಡುತ್ತಿದ್ದ. ಅದು ನಿಜವೇ. ಹುಡುಗ ಎದೆಮಟ್ಟಕ್ಕೆ ಬೆಳೆದಿದ್ದರೂ ಬಾಯಿಂದ ಒಂದು ಮಾತೂ ಹೊರಟಿರಲಿಲ್ಲ. ಅವನ ಪಾಲಿನದನ್ನೂ ಅವಳೇ ಆಡಬೇಕಾಗಿತ್ತು. ಡಾಕ್ಟರ ಹತ್ತಿರ, ವಿಮೆಯವರ ಹತ್ತಿರ, ಶಾಲೆಯವರ ಹತ್ತಿರ ಆಡಿ ಆಡಿ ನಾಲಿಗೆ ಹರಿತವಾಗಿತ್ತು.

ಆರ್ಲೋನಂಥ ಮಕ್ಕಳಿಗೆ ಶಾಲೆ ಇದ್ದದ್ದು ದೂರದ ಪಟ್ಟಣದಲ್ಲಿ. ಹೋಲ್ಬಿಯಿಂದ ಅವನೊಬ್ಬನಿಗಾಗಿ ಒಂದು ವ್ಯಾನು, ಪಕ್ಕದ ನೂರ್ಡಲ್‌ನಿಂದ ಅದೇ ಶಾಲೆಗೆ ಹೋಗುವ ಜೂನ್ ಎಂಬ ಕುರುಡು ಹುಡುಗಿಗಾಗಿ ಇನ್ನೊಂದು. ಎರಡೂ ದಿನಾ ಒಂದರ ಹಿಂದೊಂದು ಅದೇ ಹಿಮದ ರಸ್ತೆಯಲ್ಲಿ ಹೋಗುತ್ತಿದ್ದವು. ಖರ್ಚು ತಗ್ಗಿಸಲು ಎರಡೂ ಊರಿನ ಶಾಲಾ ಮಂಡಳಿಗಳು ಆ ವರ್ಷ ಒಂದೇ ವ್ಯಾನು ಸಾಕೆಂದು ಒಪ್ಪಿಕೊಂಡವು. ಐಸ್ ಹಾಕಿ ಪಂದ್ಯ ಬಂದರೆ ಒಬ್ಬರ ಮುಖ ಒಬ್ಬರು ನೋಡದ ಊರುಗಳು ಅವು. ಒಪ್ಪಿದ್ದೇ ದೊಡ್ಡದು.

ಮಾರ್ನಿಗೆ ಇದು ಹಿಡಿಸಲಿಲ್ಲ. ವ್ಯಾನು ಮೊದಲು ಆರ್ಲೋನನ್ನು ಹತ್ತಿಸಿಕೊಂಡು, ನೂರ್ಡಲ್ ಸುತ್ತಿ ಜೂನ್‌ಳನ್ನು ಕರೆದುಕೊಂಡು, ಆಮೇಲೆ ಪಟ್ಟಣದ ದಾರಿ ಹಿಡಿಯಬೇಕು. ಹುಡುಗ ಕತ್ತಲಲ್ಲೇ ಏಳಬೇಕು. ಮೊದಲ ವಾರಗಳಲ್ಲಿ ಅವನು ತನ್ನ ಮಣಿಕಟ್ಟನ್ನು ತಾನೇ ಕಚ್ಚಿಕೊಂಡು ಮನೆಗೆ ಬಂದ.

"ಉಳಿತಾಯ ಮಾಡೋಕೆ ಇವರಿಗೆ ನನ್ನ ಮಗನ ನಿದ್ದೇನೇ ಬೇಕಾಗಿತ್ತಾ? ಹಾಕಿ ಅಂಗಳಕ್ಕೆ ಹೊಸ ದೀಪ ಹಾಕ್ಸೋಕೆ ಮಾತ್ರ ದುಡ್ಡಿರುತ್ತೆ."

"ಸ್ವಲ್ಪ ದಿನ ನೋಡೋಣ ಕಣೇ," ಅಂದ ಡೇಲ್.

"ನೀನು ನೋಡ್ತಾ ಕೂತಿರು."

ಕ್ರಿಸ್‌ಮಸ್ ಕಳೆಯುವ ಹೊತ್ತಿಗೆ ಕಚ್ಚಿಕೊಳ್ಳುವುದು ನಿಂತಿತು. ಡಾಕ್ಟರು ಮಾತ್ರೆ ಬದಲಾಯಿಸಿದ್ದರು, ಅದರ ಗುಣ ಎಂದುಕೊಂಡಳು ಮಾರ್ನಿ. ಆದರೆ ಹೊಸದೊಂದು ಅಭ್ಯಾಸ ಶುರುವಾಯಿತು. ಊಟದ ಹೊತ್ತಿಗೆ ಆರ್ಲೋ ಬೆರಳಿನಿಂದ ಮೇಜು ತಟ್ಟುವನು. ತಟ್ಟಿ, ತಲೆಯೆತ್ತಿ, ಯಾರೋ ಏನೋ ಹೇಳುತ್ತಾರೆ ಎಂಬಂತೆ ಕಾಯುವನು. ಮತ್ತೆ ತಟ್ಟುವನು. "ಸಾಕು ಪುಟ್ಟಾ, ಸದ್ದು ಮಾಡಬಾರದು," ಎಂದು ಅವಳು ಅವನ ಕೈ ಹಿಡಿದು ತೊಡೆಯ ಮೇಲಿಡುತ್ತಿದ್ದಳು.

ಮಾರ್ಚಿನಲ್ಲಿ ಹೋಲ್ಬಿ ಮಂಡಳಿಯ ಸಭೆ ಸೇರಿತು. ಮಾರ್ನಿ ಎದ್ದು ಮಾತಾಡಿದಳು. ಕತ್ತಲಲ್ಲಿ ಎಬ್ಬಿಸುವಾಗ ಮಗ ಹೇಗೆ ಕಂಬಳಿ ಬಿಗಿಹಿಡಿಯುತ್ತಾನೆ, ಅವನ ಕೈಯ ಗಾಯ ಹೇಗಿತ್ತು, ಎಲ್ಲ ಹೇಳಿದಳು. ಗಾಯ ಮಾಗಿದ್ದನ್ನು ಹೇಳಲಿಲ್ಲ. ಹೆಂಗಸರು ಕಣ್ಣೊರೆಸಿಕೊಂಡರು. ಆಗ ಹಿಂದಿನ ಸಾಲಿನಿಂದ ಒಬ್ಬ ಮುದುಕ ಎದ್ದ.

"ನಾನು ನೂರ್ಡಲ್‌ನವನು, ವರ್ನ್ ಕೋಸ್ಕಿ. ಜೂನ್ ನನ್ನ ಮೊಮ್ಮಗಳು." ಟೋಪಿಯನ್ನು ಕೈಯಲ್ಲಿ ತಿರುವುತ್ತಾ ನಿಂತ. "ಆ ಹುಡುಗ ಮತ್ತೆ ನಮ್ಮ ಹುಡುಗಿ... ವ್ಯಾನಲ್ಲಿ ಅವರಿಬ್ರೂ... ಹೆಂಗೆ ಹೇಳೋದು ಅಂದ್ರೆ..."

"ನೋಡಿ ವರ್ನ್," ಮಾರ್ನಿ ನಡುವೆ ಬಾಯಿ ಹಾಕಿದಳು. "ನಿಮ್ಮ ಮೊಮ್ಮಗಳು ಬೆಳಕು ಹರಿದ ಮೇಲೆ ತಿಂಡಿ ತಿಂದು ಆರಾಮಾಗಿ ಬಂದು ಕೂರ್ತಾಳೆ. ನನ್ನ ಮಗ ಅಷ್ಟೊತ್ತಿಗೆ ಊರೆಲ್ಲಾ ತಿರುಗಿ ಸುಸ್ತಾಗಿರ್ತಾನೆ. ಈ ಏರ್ಪಾಡು ಯಾರಿಗೆ ಅನುಕೂಲ ಅಂತ ಯಾರು ಬೇಕಾದ್ರೂ ಹೇಳ್ತಾರೆ."

"ಹಾಕೀಲಿ ಸೋತಿದ್ದನ್ನ ವ್ಯಾನಲ್ಲಿ ತೀರಿಸ್ಕೊಳ್ತಿದ್ದಾರೆ ಬಿಡಿ," ಎಂದು ಯಾರೋ ಅಂದರು. ಜನ ನಕ್ಕರು, ಚಪ್ಪಾಳೆ ತಟ್ಟಿದರು. ಮುದುಕ ಟೋಪಿ ಹಾಕಿಕೊಂಡು ಕೂತ. ಅವನ ಮಾತು ಮುಗಿದಿರಲಿಲ್ಲ. ಅದು ಮಾರ್ನಿಗೆ ಆಗಲೇ ಗೊತ್ತಿತ್ತು.

ಒಪ್ಪಂದ ಮುರಿಯಿತು. ಏಪ್ರಿಲ್‌ನಿಂದ ಆರ್ಲೋಗೆ ಮತ್ತೆ ಅವನದೇ ವ್ಯಾನು ಬಂತು. ಡೇಲ್ ಅವಳಿಗೆ ಕೇಕ್ ತಂದ.

ಮೊದಲ ದಿನ ಆರ್ಲೋ ವ್ಯಾನಿನ ಬಾಗಿಲಲ್ಲಿ ನಿಂತು ಒಳಗೆ ನೋಡಿದ. ಗಲಾಟೆ ಮಾಡಲಿಲ್ಲ, ಹತ್ತಿ ಕೂತ. ವಾರ ಕಳೆಯುವುದರೊಳಗೆ ಮಣಿಕಟ್ಟಿನಲ್ಲಿ ಹಲ್ಲಿನ ಗುರುತು ಕಾಣಿಸಿತು. ತಟ್ಟೆಯಲ್ಲಿ ಅವನಿಗೆ ಇಷ್ಟವಾದ ಆಲೂಗೆಡ್ಡೆ ಉಳಿಯತೊಡಗಿತು. ಮಾತ್ರೆ ಅದೇ ಇತ್ತು. ಬದಲಾದದ್ದು ವ್ಯಾನು ಒಂದೇ. ಮಾರ್ನಿ ಎರಡು ದಿನ ಅದನ್ನು ಮನಸ್ಸಿನಲ್ಲೇ ತಳ್ಳಿಹಾಕಿದಳು. ಮೂರನೆಯ ದಿನ ಅಂಗಡಿಗೆ ರಜೆ ಹೇಳಿ ನೂರ್ಡಲ್‌ಗೆ ಹೋದಳು.

ವರ್ನ್ ಬಾಗಿಲು ತೆಗೆದ. ಅವಳನ್ನು ಗುರುತು ಹಿಡಿದರೂ ಮುಖ ಗಂಟಿಕ್ಕಲಿಲ್ಲ. ಕಾಫಿ ಬಗ್ಗಿಸಿ ಎದುರಿಗೆ ಕೂತ.

"ಆವತ್ತು ನೀವೇನೋ ಹೇಳೋಕೆ ಹೊರಟಿದ್ರಿ," ಅಂದಳು ಮಾರ್ನಿ.

"ನಂಗೆ ಸಭೇಲಿ ಮಾತು ಬರಲ್ಲಮ್ಮ." ಲೋಟ ಪಕ್ಕಕ್ಕೆ ಸರಿಸಿದ. "ರಸ್ತೆ ಪಕ್ಕ ಗೂಡ್ಸ್ ರೈಲು ಹೋಗುತ್ತಲ್ಲ, ನಮ್ಮ ಹುಡುಗಿಗೆ ಅದಂದ್ರೆ ಪ್ರಾಣ. ಆದ್ರೆ ಅವಳಿಗೆ ಸದ್ದು ಕೇಳೋದು ಹತ್ರ ಬಂದ ಮೇಲೇನೇ. ನಿನ್ನ ಮಗನಿಗೆ ದೂರದಲ್ಲೇ ಕಾಣುತ್ತೆ. ಕಂಡ ಕೂಡ್ಲೇ ಅವಳ ಅಂಗೈ ಮೇಲೆ ತಟ್ತಿದ್ದ. ಇವಳು 'ಬಂತು, ಬಂತು' ಅಂತ ಕೂಗಿ ನಗೋಳು. ಅವಳು ನಕ್ರೆ ಅವನೂ ನಗೋನಂತೆ. ಡ್ರೈವರ್ ಹೇಳ್ತಿದ್ಲು."

ಆರ್ಲೋ ನಕ್ಕಿದ್ದನ್ನು ಮಾರ್ನಿ ಬಹಳ ವರ್ಷಗಳಿಂದ ಕೇಳಿರಲಿಲ್ಲ. ತಾನು ಹಿಡಿದು ತೊಡೆಯ ಮೇಲಿಡುತ್ತಿದ್ದ ಆ ಕೈಯನ್ನು ನೆನೆದು ಅವಳು ಕಾಫಿ ಕುಡಿಯಲಾರದೆ ಕೂತಳು.

"ಶಾಲೇಲಾದ್ರೂ ಸಿಗ್ತಾರಲ್ವಾ?"

"ಎಲ್ಲಿ ಸಿಗ್ತಾರೆ? ಒಬ್ಬಳಿಗೋಸ್ಕರ ಮತ್ತೆ ಅಷ್ಟು ದೂರ ವ್ಯಾನ್ ಓಡ್ಸೋಕೆ ನಮ್ಮ ಮಂಡಳಿ ಒಪ್ಪಲಿಲ್ಲ. ಇಲ್ಲೇ ಊರ ಶಾಲೇಲಿ ಒಂದು ಕೋಣೆ ಕೊಟ್ಟು ಟೀಚರನ್ನ ಇಟ್ಟಿದ್ದಾರೆ. ಒಬ್ಬಳೇ ಕೂತಿರ್ತಾಳೆ."

"ನಂದು ತಪ್ಪಾಯ್ತು ವರ್ನ್."

"ತಾಯಿ ನೀನು. ಮಗನ ಪರ ಮಾತಾಡ್ದೆ," ಅಂದ ಮುದುಕ. ಪರವಾಗಿಲ್ಲ ಎಂದು ಮಾತ್ರ ಅವನು ಹೇಳಲಿಲ್ಲ.

ಅಲ್ಲಿಂದ ಅವಳು ನೇರ ಶಾಲಾ ಸೂಪರಿಂಟೆಂಡೆಂಟ್ ಹತ್ತಿರ ಹೋದಳು. ಒಪ್ಪಂದ ಮತ್ತೆ ಮಾಡಿ ಎಂದಳು. ಆತ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ.

"ಮಾರ್ನಿ, ನಾನು ಆ ಊರಿನವರ ಕಾಲು ಹಿಡಿದು ಒಪ್ಪಿಸಿದ್ದೆ. ನೀನು ಊರೆಲ್ಲಾ ಸೇರಿಸಿ ಮುರಿಸಿದೆ. ಈಗ ಯಾವ ಮುಖ ಇಟ್ಕೊಂಡು ಹೋಗಲಿ ಹೇಳು?"

ಅವಳು ಎದ್ದು ಹೊರಗೆ ಬಂದಳು.

ಮುಂದಿನ ಶನಿವಾರ ಆರ್ಲೋನನ್ನು ಕರೆದುಕೊಂಡು ವರ್ನ್ ಮನೆಗೆ ಹೋದಳು. ಅಡುಗೆಮನೆಯಲ್ಲಿ ಇಬ್ಬರನ್ನೂ ಎದುರುಬದುರು ಕೂರಿಸಿದರೆ ಜೂನ್ "ವ್ಯಾನ್ ಎಲ್ಲಿ ತಾತ? ವ್ಯಾನ್ ಎಲ್ಲಿ?" ಎಂದು ಅಳುಮುಖ ಮಾಡಿದಳು. ಸರಿ, ಮಾರ್ನಿ ಇಬ್ಬರನ್ನೂ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ, ಮುದುಕನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪಟ್ಟಣದ ರಸ್ತೆಗೆ ತಿರುಗಿದಳು. ಜೂನ್ ಅಂಗೈ ಚಾಚಿದಳು. ಆರ್ಲೋ ಅದರ ಮೇಲೆ ಬೆರಳಿಟ್ಟು ಕಿಟಕಿಯಾಚೆ ನೋಡತೊಡಗಿದ.

ಶನಿವಾರ ಆ ಹೊತ್ತಿಗೆ ರೈಲಿರಲಿಲ್ಲ. ಮಾರ್ನಿ ನಿಧಾನವಾಗಿ ಓಡಿಸಿದಳು, ಎರಡು ಸಲ ಕಾರು ತಿರುಗಿಸಿ ಅದೇ ದಾರಿಯಲ್ಲಿ ಬಂದಳು. "ಬಂತಾ? ಬಂತಾ?" ಎಂದು ಹುಡುಗಿ ಕೇಳುತ್ತಲೇ ಇದ್ದಳು. ಒಂದು ಸಲ ಸುಮ್ಮನೆ ತಟ್ಟಿಬಿಡೋ ಮಗನೇ ಎಂದು ಕನ್ನಡಿಯಲ್ಲಿ ನೋಡುತ್ತಾ ಮಾರ್ನಿ ಬೇಡಿಕೊಂಡಳು. ಖಾಲಿ ಹಳಿಗೆ ಅವನು ತಟ್ಟಲಿಲ್ಲ. ಕೊನೆಗೆ ಜೂನ್ ಕೈ ಎಳೆದುಕೊಂಡು ಮುಖ ತಿರುಗಿಸಿದಳು.

ರೈಲು ಇರುವ ದಿನ ನೋಡಿ ಮತ್ತೆ ಬರೋಣ ಎಂದು ಮಾತಾಯಿತು. ಆದರೆ ಒಂದು ಸಲ ತಡವಾಗಿ ಬಂದ ಹಿಮಗಾಳಿ, ಇನ್ನೊಂದು ಸಲ ವರ್ನ್‌ಗೆ ಸೊಂಟದ ಆಪರೇಷನ್. ಬೇಸಿಗೆಯಲ್ಲಿ ಅವನೇ ಫೋನ್ ಮಾಡಿದ. ಜೂನ್‌ಳನ್ನು ಅವಳ ತಾಯಿ ಬೇರೆ ರಾಜ್ಯಕ್ಕೆ ಕರೆದುಕೊಂಡು ಹೋಗಿದ್ದಳು. ಅಲ್ಲಿ ಒಳ್ಳೆಯ ಶಾಲೆ ಇದೆಯಂತೆ.

"ಆರ್ಲೋ ವಿಷಯ ಕೇಳ್ತಾಳಾ?" ಅಂದಳು ಮಾರ್ನಿ.

"ಮೊದಮೊದಲು ಕೇಳ್ತಿದ್ಲು," ಅಂದ ವರ್ನ್. "ಈಗ ಇಲ್ಲಮ್ಮ."

ಫೋನ್ ಇಟ್ಟು ಅವಳು ಹಿತ್ತಲಿಗೆ ಹೋದಳು. ಆರ್ಲೋ ಮೆಟ್ಟಿಲ ಮೇಲೆ ಕೂತಿದ್ದ. ಇಷ್ಟು ವರ್ಷ ಅವನ ಪರವಾಗಿ ಲೋಕದ ಜೊತೆಗೆಲ್ಲ ಮಾತಾಡಿದ್ದಳು. ಅವನ ಜೊತೆ ಕೂತು ಒಂದು ವಿಷಯವನ್ನು ಪೂರ್ತಿ ಹೇಳಿದವಳಲ್ಲ. ಅವನಿಗೆ ಏನು ತಿಳಿದೀತು ಎಂದುಕೊಂಡಿದ್ದಳು. ಈಗ ಪಕ್ಕದಲ್ಲಿ ಕೂತು, ಜೂನ್ ಎಲ್ಲಿಗೆ ಹೋದಳು, ಯಾಕೆ ಇನ್ನು ಬರುವುದಿಲ್ಲ, ವ್ಯಾನು ನಿಲ್ಲಿಸಿದ್ದು ಯಾರು ಎಂಬುದನ್ನೆಲ್ಲ ಮೊದಲಿನಿಂದ ಹೇಳಿದಳು. ಅವನು ಬೇಲಿಯಾಚೆಯ ಹೊಲವನ್ನೇ ನೋಡುತ್ತಿದ್ದ. ಕೇಳಿಸಿಕೊಂಡನೋ ಇಲ್ಲವೋ, ಅವಳಿಗೆ ತಿಳಿಯಲಿಲ್ಲ.